ಮಾವ ಪಾಸು ಮಾಡಿದ ಗಾಡಿ

ನನ್ನ ಸೋದರಮಾವನಿಗೆ ಕಾರು ಓಡಿಸಲು ಬರುವುದಿಲ್ಲ. ಕಾರು ಹಾಗಿರಲಿ, ಸೈಕಲ್ಲೂ ಬರುವುದಿಲ್ಲ. ಬಸ್ಸಿನ ಕಿಟಕಿಯ ಗಾಜು ಯಾವ ಕಡೆ ಸರಿಸಬೇಕೆಂದು ಇಂದಿಗೂ ಪಕ್ಕದಲ್ಲಿ ಕೂತವರನ್ನೇ ಕೇಳುತ್ತಾನೆ. ಅಂಥ ಮನುಷ್ಯ ಹೋದ ವರ್ಷ ಬೆಳಗಾವಿ, ಖಾನಾಪುರಗಳ ನಡುವೆ ಒಂದರ ಹಿಂದೊಂದು ಒಂಬತ್ತು ಕಾರುಗಳನ್ನು ಪರೀಕ್ಷೆ ಮಾಡಿ ಒಂಬತ್ತನ್ನೂ ಫೇಲು ಮಾಡಿದ ಎಂದರೆ ನಂಬುತ್ತೀರಾ? ನಂಬಲೇಬೇಕು. ಆ ಒಂಬತ್ತು ಸಲವೂ ಪಕ್ಕದಲ್ಲಿ ತಲೆ ತಗ್ಗಿಸಿಕೊಂಡು ನಿಂತಿದ್ದವನು ನಾನು.

ಮಾವನ ಕಸುಬು ಕುರಿ. ಚಿಕ್ಕಂದಿನಲ್ಲಿ ಕಾಯ್ದ, ದೊಡ್ಡವನಾದ ಮೇಲೆ ಸಂತೆಯಿಂದ ಸಂತೆಗೆ ಕೊಂಡು ಮಾರಿದ. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲೊಂದು ಟವೆಲ್ಲು, ಕಿಸೆಯಲ್ಲಿ ಭಂಡಾರದ, ಅಂದರೆ ದೇವರ ಅರಿಸಿನದ, ಪೊಟ್ಟಣ. ಸಂತೆಯಲ್ಲಿ ಅವನು ಒಂದು ಟಗರಿನ ಬೆನ್ನ ಮೇಲೆ ಕೈಯಿಟ್ಟನೆಂದರೆ ಸುತ್ತಲಿನ ವ್ಯಾಪಾರಿಗಳು ಮಾತು ನಿಲ್ಲಿಸಿ ಅವನ ಮುಖ ನೋಡುತ್ತಾರೆ. ನಾನೂ ಕುರಿ ಸಾಕುವ ಮನೆತನದವನೇ. ಆದರೆ ನಾನು ಬೆಳಗಾವಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಇಸ್ತ್ರಿ ಹಾಕಿದ ಶರ್ಟು, ಕೊರಳಲ್ಲಿ ಐಡಿ ಕಾರ್ಡು. ನಮ್ಮ ಮೈಗೆ ಹತ್ತಿದ್ದ ಕುರಿಯ ವಾಸನೆ ನನ್ನ ಕಾಲಕ್ಕೆ ಬಿಟ್ಟುಹೋಯಿತು ಎಂದು ನಾನು ಖುಷಿಯಲ್ಲಿದ್ದೆ.

ಕಾರು ಬೇಕಾದದ್ದು ಶೋಕಿಗಲ್ಲ. ಅವ್ವನ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಎರಡು ಸಲ ಖಾನಾಪುರದ ನಮ್ಮ ಮನೆಯಿಂದ ಬೆಳಗಾವಿಯ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕು. ಬಸ್ಸು ಹತ್ತಿ ಇಳಿಯುವ ಶಕ್ತಿ ಅವಳಿಗಿಲ್ಲ. ಬಾಡಿಗೆಗೆ ಹಿಡಿದ ಹಳೇ ಗಾಡಿಯೊಂದು ಒಮ್ಮೆ ನಡುದಾರಿಯಲ್ಲಿ ಕೆಟ್ಟು ನಿಂತು, ಅವ್ವ ರಸ್ತೆ ಬದಿಯ ಕಲ್ಲಿನ ಮೇಲೆ ಎರಡು ತಾಸು ಕೂತಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳ ಪಾಳಿ ಹೋಗಿತ್ತು. ಮರುದಿನ ಬೆಳಗಾಗುವಷ್ಟರಲ್ಲಿ ಮುಖ ಬಾತು, ಉಸಿರಾಡುವುದೂ ತ್ರಾಸಾಯಿತು. ಅವತ್ತೇ ನಿರ್ಧಾರ ಮಾಡಿದೆ, ಒಂದು ಸ್ವಂತ ಗಾಡಿ ಬೇಕು. ಹೊಸದಕ್ಕೆ ನನ್ನ ಸಂಬಳ ಒಪ್ಪುವುದಿಲ್ಲ. ಹಳೆಯದೇ ಸರಿ, ಬಣ್ಣ ಹೋದರೂ ಸರಿ, ದಾರಿಯಲ್ಲಿ ಮಾತ್ರ ನಿಲ್ಲಬಾರದು.

"ನನ್ನ ತಮ್ಮನ್ನ ಕರಕೊಂಡು ಹೋಗು," ಅಂದಳು ಅವ್ವ. "ಅಂವ ನೋಡಿ ಹೂಂ ಅಂದ್ರ ತಗೋ. ಇಲ್ಲಾಂದ್ರ ನಾ ಹತ್ತೂದಿಲ್ಲ."

"ಅವ್ವಾ, ಮಾಮಾಗ ಕುರಿ ಗೊತ್ತು. ಕಾರಿಂದು ಏನ್ ಗೊತ್ತು?"

"ಎರಡೂ ಕಡೆ ಮೋಸ ಮಾಡಾವ್ರು ಮನಷ್ಯಾರ ಅಲ್ಲೇನು?"

ಮಾವನಿಗೆ ಫೋನು ಮಾಡಿದೆ. "ಕಾಗದಪತ್ರ ನೀ ನೋಡು ಅಳಿಯಾ, ಮೈ ನಾ ನೋಡ್ತೀನಿ," ಎಂದು ಕೆಲಸ ಹಂಚಿಯೇ ಬಿಟ್ಟ.

ಮೊದಲನೆಯ ಕಾರು ಬೆಳಗಾವಿಯ ರಾಮತೀರ್ಥ ನಗರದಲ್ಲಿತ್ತು. ನಿವೃತ್ತ ಅಧಿಕಾರಿಯೊಬ್ಬರದು. ಹತ್ತು ಗಂಟೆಗೆ ಬನ್ನಿ ಅಂದಿದ್ದರು. ಮಾವ ನನ್ನನ್ನು ಆರಕ್ಕೇ ಅವರ ಗೇಟಿನ ಮುಂದೆ ನಿಲ್ಲಿಸಿದ. ಸಂತೆಗೆ ಕುರಿ ತರುವವರು ಬೆಳಿಗ್ಗೆ ಉಪ್ಪು ತಿನ್ನಿಸಿ ಹೊಟ್ಟೆ ತುಂಬ ನೀರು ಕುಡಿಸುತ್ತಾರಂತೆ, ಹತ್ತು ಗಂಟೆಗೆ ನೋಡಿದರೆ ಎಲ್ಲ ಕುರಿಯೂ ದಪ್ಪ. ಅದಕ್ಕೇ ಕುರಿಯನ್ನು ದೊಡ್ಡಿಯಲ್ಲೇ, ಅದು ಏಳುವ ಮೊದಲೇ ನೋಡಬೇಕು. ಅಧಿಕಾರಿಗಳು ಬನಿಯನ್ನಿನಲ್ಲಿ, ಬಾಯಲ್ಲಿ ಬ್ರಶ್ಶು ಇಟ್ಟುಕೊಂಡು ಹೊರಗೆ ಬಂದರು. ಮಾವ ನಮಸ್ಕಾರ ಮಾಡಿ, ಸೀದಾ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಜ್ವರ ನೋಡುವವನ ಹಾಗೆ ಕಣ್ಣು ಮುಚ್ಚಿದ.

"ಇಷ್ಟ ನಸುಕಿನ್ಯಾಗ ಬೆಚ್ಚಗೈತಿ. ಈಗ ಒಮ್ಮಿ ಎಬ್ಬಿಸೀರಿ ಅಲ್ರಿ?"

ಸ್ಟಾರ್ಟ್ ಆಗಲು ಅದಕ್ಕೆ ದಿನಾ ಅರ್ಧ ತಾಸು ಬೇಕು, ಅದಕ್ಕೇ ಬೆಳಿಗ್ಗೆ ಎದ್ದ ಕೂಡಲೇ ಶುರು ಮಾಡುತ್ತಾರೆ ಎಂಬುದು ಆಮೇಲೆ ತಿಳಿಯಿತು. ಆದರೆ ಯಾಕೆ ಮಾರುತ್ತೀರಿ ಎಂದು ಮಾವ ಕೇಳಿದಾಗ ಅಧಿಕಾರಿಗಳು, "ಮಗ ದೊಡ್ಡ ಗಾಡಿ ತಗೊಂಡಾನ್ರಿ," ಅಂದರು. ಮಾವ ಅವರನ್ನು ನೋಡುತ್ತಲೇ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ಆಕೆ ತಡೆಯಲಾರದೆ, "ಪೆಟ್ರೋಲ್ ಭಾಳ ಕುಡೀತೈತ್ರಿ," ಅಂದುಬಿಟ್ಟರು. ಮುಂದೆ ಅವರ ಮನೆಯಲ್ಲಿ ಏನಾಯಿತೋ, ನಾವು ಗೇಟು ದಾಟಿದ್ದೆವು.

ಅನಗೋಳದ ಕಾರಿನ ಕತೆ ಇನ್ನೂ ಚಂದ. ಸಣ್ಣ ಓಣಿ, ಕಟ್ಟೆಯ ಮೇಲೆ ಹತ್ತು ಜನ. ಮಾವ ಕಾರಿನ ಒಳಗೆ ಕೂರಲಿಲ್ಲ. "ನೀವು ಓಡಸ್ರಿ, ನಾ ಹಿಂದ ನಡಕೋತ ಬರ್ತೀನಿ," ಅಂದ. ಕಾರು ಮೆಲ್ಲಗೆ ಮುಂದೆ, ಕಂಬಳಿ ಹೊದ್ದ ಮಾವ ಸೊಂಟ ಬಗ್ಗಿಸಿಕೊಂಡು ಹಿಂದೆ, ಐಡಿ ಕಾರ್ಡನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡ ನಾನು ಅವನ ಹಿಂದೆ. ಓಣಿಯ ಕೊನೆಗೆ ಹೋದ ಮೇಲೆ ಮಾವ ತೀರ್ಪು ಕೊಟ್ಟ.

"ಹಿಂದಿನ ಎಡಗಾಲು ಕುಂಟತೈತಿ."

"ಯಜಮಾನ್ರ, ಕಾರಿಗೆ ಎಲ್ಲೀ ಕಾಲ್ರಿ?" ಎಂದು ಮಾಲೀಕ ನಕ್ಕ. ಕಟ್ಟೆಯ ಹತ್ತೂ ಜನ ನಕ್ಕರು. ನಾನೂ ನಕ್ಕೆ. ಯಾರ ಕಡೆಯವನೆಂದು ತೋರಿಸಿಕೊಳ್ಳಬೇಕಲ್ಲ! ಆದರೆ ಕಟ್ಟೆಯಲ್ಲಿದ್ದ ಮುದುಕನೊಬ್ಬ, "ಹೋದ ದೀಪಾವಳ್ಯಾಗ ಗಟಾರಕ್ಕ ಬಿದ್ದಿದ್ದು ಆ ಬಾಜೂನ ಅಲ್ಲೇನೋ?" ಎಂದು ಮಾಲೀಕನನ್ನೇ ಕೇಳಿದಾಗ ನಗು ನಿಂತಿತು.

ಇಲ್ಲಿಗೆ ಮುಗಿಯಿತೇ? ಇಲ್ಲ. ಕುಂಟಿದರೂ ಎಂಜಿನ್ನು ಗಟ್ಟಿಯಿದೆ ಎಂದು ಮಾವನಿಗೆ ಅನಿಸಿತ್ತು. ದರ ಕೇಳಲು ಟವೆಲ್ ಹರಡಿ, ಅದರಡಿ ಕೈ ತೂರಿಸಿ ಮಾಲೀಕನ ಬೆರಳು ಹಿಡಿದ. ಕುರಿ ಸಂತೆಯಲ್ಲಿ ದರ ಬಾಯಲ್ಲಿ ಆಡುವುದಿಲ್ಲ, ಟವೆಲ್ಲಿನ ಕೆಳಗೆ ಬೆರಳು ಒತ್ತಿ ಹೇಳುತ್ತಾರೆ. ಇದು ಗೊತ್ತಿಲ್ಲದ ಆ ಮನುಷ್ಯ ತನ್ನ ಉಂಗುರಕ್ಕೇ ಕೈ ಬಿತ್ತೆಂದು ಚೀರಿಕೊಂಡ. ಒಳಗಿನಿಂದ ಅವನ ಹೆಂಡತಿ ಬಡಿಗೆ ಹಿಡಿದು ಬಂದಳು. ನಾನು ಎದುರಿನ ವಿದ್ಯುತ್ ಕಂಬದ ಮೇಲೆ ಬರೆದಿದ್ದ ನಂಬರನ್ನು ಬಹಳ ಆಸಕ್ತಿಯಿಂದ ಓದುತ್ತ ನಿಂತಿದ್ದೆ.

ಎಂಟನೆಯದು ಮುಗಿಯುವಷ್ಟರಲ್ಲಿ ನನಗೆ ಸಾಕಾಗಿತ್ತು. ಕಚೇರಿಯಲ್ಲಿ ಯಾರೋ, "ನಿಮ್ಮ ಜೋಡಿ ಕಂಬಳಿ ಹೊದ್ದ ಮೆಕ್ಯಾನಿಕ್ ಯಾರ್ರಿ?" ಎಂದು ಕೇಳಿದರು. ಇನ್ನು ಮಾವನ ಸಹವಾಸ ಬೇಡ ಅಂದುಕೊಂಡು, ಅವನಿಗೆ ಹೇಳದೆ, ಒಂದು ಶನಿವಾರ ಬೆಳಗಾವಿಯ ಹೊರಗೆ ಹೆದ್ದಾರಿ ಬದಿಯಲ್ಲಿದ್ದ ಹಳೇ ಕಾರುಗಳ ದೊಡ್ಡ ಅಂಗಡಿಗೆ ಹೋದೆ. ಸಾಲಾಗಿ ನಿಲ್ಲಿಸಿದ ಕಾರುಗಳು, ಗಾಜಿನ ಕೋಣೆ, ಒಳಗೆ ಎಸಿ. ಟೈ ಕಟ್ಟಿದ ಹುಡುಗರು ಮಾತಿಗೊಮ್ಮೆ ಸರ್ ಅನ್ನುತ್ತಿದ್ದರು. ಜೀವನದಲ್ಲಿ ನನ್ನನ್ನು ಅಷ್ಟು ಸಲ ಯಾರೂ ಸರ್ ಅಂದಿರಲಿಲ್ಲ. ಒಂದು ಬಿಳಿ ಕಾರು ತೋರಿಸಿದರು. ಹಾಲಿನಂಥ ಬಣ್ಣ, ಒಳಗೆ ಅತ್ತರಿನ ಪರಿಮಳ, ನನ್ನ ಕೈಗೆಟುಕುವ ದರ. ನಾನು ಮುಂಗಡ ಕೊಡಲು ಕಿಸೆಗೆ ಕೈ ಹಾಕಿದ್ದೆ.

ಆಗಲೇ ಗಾಜಿನಾಚೆ ಕರಿ ಕಂಬಳಿ ಕಾಣಿಸಿತು. ಅವ್ವನಿಗೆ ಗುಟ್ಟು ಹೇಳಬಾರದಿತ್ತು. ಅವಳು ತಮ್ಮನಿಗೆ ತಿಳಿಸಿ ಬಸ್ಸು ಹತ್ತಿಸಿದ್ದಳು. ಬಿಸಿಲಲ್ಲಿ ಎಷ್ಟು ದೂರ ನಡೆದು ಬಂದಿದ್ದನೋ, ಕಾಲೆಲ್ಲ ಧೂಳಾಗಿತ್ತು. ಬಾಗಿಲು ಎಳೆಯಬೇಕೋ ದೂಡಬೇಕೋ ತಿಳಿಯದೆ ಗಾಜಿನ ಮೇಲೆ ಕೈಯಿಟ್ಟು ನನ್ನನ್ನೇ ನೋಡಿ ನಗುತ್ತಿದ್ದ. ಟೈ ಹುಡುಗ ಬಾಗಿಲು ತೆರೆದು, ಮೂಗಿನ ಹತ್ತಿರ ಕೈ ತಂದು, ನನ್ನ ಕಡೆ ತಿರುಗಿ ಕೇಳಿದ.

"ಸರ್, ಇವರು ನಿಮ್ಮ ಪೈಕಿ ಏನ್ರಿ?"

ಉತ್ತರಕ್ಕೆ ಬೇಕಾದದ್ದು ಎರಡೇ ಶಬ್ದ. ನಾನು ಹೇಳಿದ್ದು ಬೇರೆ. "ಇಲ್ರಿ... ನಮ್ಮ ಊರಾವ್ರು. ಕುರಿ ಕಾಯ್ತಾರ."

ಮಾವ ಬಾಗಿಲಲ್ಲೇ ನಿಂತಿದ್ದ. ಅವನಿಗೆ ಕೇಳಿಸಿತು. ಅವನ ಮುಖದ ನಗು ತಟ್ಟನೆ ಹೋಗಲಿಲ್ಲ, ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಕೈ ಮುಗಿದು, "ಹೌದ್ರಿ, ಸಾಹೇಬ್ರ ಊರಾವ ರೀ ನಾ. ಸುಮ್ನ ಗಾಡಿ ನೋಡಾಕ ಬಂದೆ," ಅಂದ. ಹುಡುಗ ನನಗೆ ಚಹಾ ತರಿಸಿದ. ಒಂದೇ ಕಪ್ಪು ಬಂತು. ನಾನು ಕುಡಿದೆ. ಮಾವ ಹೊರಗೆ ಬಿಸಿಲಲ್ಲಿ ಆ ಬಿಳಿ ಕಾರಿನ ಸುತ್ತ ಒಬ್ಬನೇ ಓಡಾಡುತ್ತಿದ್ದ.

ಚಹಾ ಮುಗಿಸಿ ನಾವು ಹೊರಗೆ ಬಂದಾಗ ಅವನು ಕಾರಿನೊಳಗೆ ತಲೆ ಹಾಕಿ, ಕಾಲಡಿಯ ಚಾಪೆ ಎತ್ತಿ ಮೂಸುತ್ತಿದ್ದ.

"ಸಾಹೇಬ್ರ, ಇದು ಮಳೀ ನೀರಾಗ ನಿಂತ ಗಾಡಿ ಐತ್ರಿ. ಮ್ಯಾಲ ಅತ್ತರ ಹೊಡದಾರ, ತಳಕ್ಕ ನೆನೆದ ಕಂಬಳಿ ವಾಸನಿ ಬರ್ತೈತಿ."

ಹುಡುಗ ನಕ್ಕ. ಮಾವ ಸೀಟಿನ ಬೆಲ್ಟನ್ನು ಹಗ್ಗ ಎಳೆದಂತೆ ಎಳೆಯುತ್ತ ಹೋದ. ಅದು ಪೂರ್ತಿ ಹೊರಗೆ ಬಂದಾಗ ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಂಪು ರಾಡಿಯ ಕಲೆ ಮೊಳದುದ್ದ ಹತ್ತಿತ್ತು. ಹುಡುಗನ ನಗು ನಿಂತಿತು. "ತಗೊಂಬ್ಯಾಡ್ರಿ ಸಾಹೇಬ್ರ. ಮನ್ಯಾಗ ಹಿರೇರು ಇದ್ದಾರಂತ ಕೇಳೀನಿ. ಇದು ಹಾದ್ಯಾಗ ನಿಲ್ಲತೈತಿ," ಎಂದು ಮಾವ ಟವೆಲ್ಲಿನಿಂದ ಕೈ ಒರೆಸಿಕೊಂಡು ನಡೆದ. ನಾನು ಹುಡುಗನಿಂದ ಬಿಡಿಸಿಕೊಂಡು ಬಸ್‌ಸ್ಟಾಪಿಗೆ ಓಡಿ ಬರುವಷ್ಟರಲ್ಲಿ ಖಾನಾಪುರದ ಬಸ್ಸು ಹೋಗಿತ್ತು.

ಓಡಿದೆ ಎಂದು ಬರೆದೆ. ಸುಳ್ಳು. ನಡೆದುಕೊಂಡೇ ಹೋದೆ. ಬಸ್ಸು ಹೋಗಿರಲಿ ಅಂತ ಒಳಗೊಳಗೇ ಬೇಡಿಕೊಂಡೂ ಇದ್ದೆ. ಅವನ ಎದುರು ನಿಲ್ಲುವ ಮುಖ ನನಗಿರಲಿಲ್ಲ.

ಎಂಟು ದಿನ ಫೋನು ಮಾಡಲಿಲ್ಲ. ಒಂಬತ್ತನೆಯ ದಿನ ಅವನೇ ಮಾಡಿದ. "ಅಳಿಯಾ, ದೇಸೂರಾಗ ಒಂದು ಗಾಡಿ ಐತಿ. ನಾಳೆ ಆರಕ್ಕ ಬಾ." ಸಾಹೇಬ್ರ ಅನ್ನಲಿಲ್ಲ, ಅಳಿಯಾ ಅಂದ. ಸಿಕ್ಕ ಕೂಡಲೇ ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಅವನು ಬಾಯಿ ತೆರೆಯಲು ಬಿಡಲಿಲ್ಲ. "ಆಮ್ಯಾಲ ಮಾತಾಡೂಣು, ಮೊದಲ ಇದರ ಮೈ ತಣ್ಣಗಿದ್ದಾಗ ಮುಟ್ಟು," ಎಂದು ನನ್ನ ಕೈ ಹಿಡಿದು ಬಾನೆಟ್ಟಿನ ಮೇಲೆ ಇಟ್ಟ. ನಿಜಕ್ಕೂ ತಣ್ಣಗಿತ್ತು. ಬಣ್ಣ ಮಾಸಿದ ಬೂದು ಕಾರು, ಬಾಗಿಲಿಗೆ ಎರಡು ಗೀರು. ಅದರ ಮಾಲೀಕರು ಒಬ್ಬ ವಯಸ್ಸಾದ ಟೇಲರ್ ಚಾಚಾ. ಕಣ್ಣು ಮಂಜಾಗಿ ಓಡಿಸುವುದು ಬಿಟ್ಟಿದ್ದರು. ಹಳೇ ಸೀರೆಗಳನ್ನು ಜೋಡಿಸಿ ತಾವೇ ಹೊಲಿದ ಹೊದಿಕೆಯನ್ನು ಗಾಡಿಗೆ ಹೊದಿಸಿಡುತ್ತಿದ್ದರು. ಕೀಲಿ ತಿರುವಿದ ಮೊದಲ ಸಲಕ್ಕೇ ಗಾಡಿ ಎದ್ದಿತು.

ಮಾವ ಟವೆಲ್ ತೆಗೆದ. ನಾನು ಕಣ್ಣು ಮುಚ್ಚಿದೆ. ಆದರೆ ಚಾಚಾ, "ಅರೇ, ಬಕ್ರೀದಕ್ಕ ಎಷ್ಟು ಬಕರಿ ತಂದೇವ್ರಿ ಹಿಂಗ," ಅನ್ನುತ್ತ ತಾವೇ ಕೈ ಒಳಗೆ ಹಾಕಿದರು. ಇಬ್ಬರೂ ಎದುರುಬದುರು ಕೂತು, ಆಕಾಶ ನೋಡುತ್ತ, ಬೆರಳು ಒತ್ತುತ್ತ, ತಲೆ ಅಲ್ಲಾಡಿಸುತ್ತ ಐದು ನಿಮಿಷ ಕಳೆದರು. ಕೊಳ್ಳುವವನು ನಾನು. ದರ ಎಷ್ಟಾಯಿತೆಂದು ನನಗೇ ಗೊತ್ತಿಲ್ಲ.

"ಎಷ್ಟಾತು ಮಾಮಾ?"

"ನಿನ್ನ ಕಿಸೇದಾಗ ಇದ್ದದ್ದಕ್ಕಿಂತ ಒಂದು ಬೆರಳು ಕಡಿಮಿ."

ಮಾವ ಬಾನೆಟ್ಟಿಗೆ ಭಂಡಾರ ಹಚ್ಚಿದ. ಚಾಚಾ ಅದೇ ಬಾನೆಟ್ಟಿನ ಮೇಲೆ ಕೈಯಿಟ್ಟು ತಮ್ಮ ದುವಾ ಹೇಳಿದರು. ಕುರಿ ಮಾರಿದವನು ಹಗ್ಗ ಕೊಡುವುದಿಲ್ಲ ಎಂದು ಮಾವ ಕೀಲಿಗೆ ಹಾಕಿದ್ದ ಕೀಚೈನನ್ನು ಬಿಚ್ಚಿ ಅವರಿಗೇ ವಾಪಸು ಕೊಟ್ಟ. ಅವರು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಒಳಗೆ ಹೋದರು. ಈ ಗಲಾಟೆಯಲ್ಲಿ ನನ್ನ ಕ್ಷಮೆ ಹಾಗೇ ಉಳಿಯಿತು.

ಮುಂದಿನ ಸೋಮವಾರ ಬೆಳಿಗ್ಗೆ ಅವ್ವನನ್ನು ಕೂರಿಸಿಕೊಂಡು ಬೆಳಗಾವಿಗೆ ಹೊರಟೆ. ನಮ್ಮಿಬ್ಬರನ್ನು ಬಿಟ್ಟರೆ ಕಾರಿನಲ್ಲಿ ಯಾರೂ ಇರಲಿಲ್ಲ. ಅವ್ವ ನನ್ನ ತೋಳು ಸವರಿದಳು.

"ಆ ದೊಡ್ಡ ಅಂಗಡ್ಯಾಗ ನನ್ನ ತಮ್ಮನ್ನ ಕುರ್ಚಿ ಮ್ಯಾಲ ಕುಂದರಿಸಿದ್ಯಂತಲ್ಲೋ."

ನಾನು ಗೇರು ಬದಲಿಸಿದೆ.

"ಥಂಡ್ ಗಾಳಿ ಬರೂ ಖೋಲ್ಯಾಗ ಕುಂದರಿಸಿ, ಚಾ ತರಿಸಿ ಕೊಟ್ಟು, ಇಂವ ನಮ್ಮ ಮಾಮಾ ಅಂತ ಎಲ್ಲಾರಿಗೂ ಹೇಳಿದ್ಯಂತ. ಅವತ್ತ ಸೀದಾ ನನ್ನ ಕಡೆ ಬಂದು ಎರಡೆರಡು ಸಲಾ ಹೇಳಿದ. ಮೊದಲ ಹೋಗಾಕ ಒಲ್ಲೆ ಅಂದಿದ್ದ ಅಂವ. ದೊಡ್ಡ ಮಂದಿ ಬರೂ ಜಾಗಾ ಅಕ್ಕಾ, ಅಳಿಯಗ ನಾಚಿಕಿ ಆದೀತು ಅಂದ. ನಾನ ಬೈದು ಕಳಿಸಿದೆ. ನನ್ನ ಮಗ ಅಂಥಾವ ಅಲ್ಲ, ಹೋಗು ಅಂದೆ."

"ಹೂಂ ಅವ್ವಾ," ಅಂದೆ.

ಎದುರಿನ ರಸ್ತೆ ಕಾಣದಂತಾಯಿತು. ಗಾಡಿ ಎಲ್ಲಾದರೂ ಒಂದು ಕಡೆ ಕೆಟ್ಟು ನಿಲ್ಲಲಿ, ಇಳಿದು ಎರಡು ನಿಮಿಷ ಅವ್ವನಿಗೆ ಬೆನ್ನು ಮಾಡಿ ನಿಲ್ಲುವಂತಾಗಲಿ ಎಂದು ಬೇಡಿಕೊಂಡೆ. ಮಾವ ಪಾಸು ಮಾಡಿದ ಗಾಡಿ. ಬೆಳಗಾವಿ ಮುಟ್ಟುವತನಕ ನಿಲ್ಲಲೇ ಇಲ್ಲ.