ಸೇನಾಪತಿಗೆ ಬಾಣ ಎಲ್ಲಿ ತಾಗಬೇಕು

ಗಡಿಯಾರ

ನಮ್ಮ ಸರ್ ಬರೆಯಲು ಕೂರುವ ಮೊದಲು ಕೈಗಡಿಯಾರ ಬಿಚ್ಚಿ ಅವಲಕ್ಕಿ ಡಬ್ಬಿಯೊಳಗೆ ಹಾಕಿ ಮುಚ್ಚಳ ಬಿಗಿಯುತ್ತಾರೆ. ಅವರು ಬರೆಯುವುದು ಒಬ್ಬ ರಾಣಿಯ ಮೇಲೆ ಐತಿಹಾಸಿಕ ಕಾದಂಬರಿ. ರಾಣಿಯ ಕಾಲದಲ್ಲಿ ಟಿಕ್ ಟಿಕ್ ಕೇಳಿಸಬಾರದಂತೆ. ತಲೆಯ ಮೇಲೆ ಫ್ಯಾನ್ ಮಾತ್ರ ತಿರುಗುತ್ತಿರುತ್ತದೆ. ರಾಣಿಗೆ ಫ್ಯಾನ್ ಇತ್ತೇ ಎಂದು ಕೇಳುವ ಧೈರ್ಯ ನನಗೆ ಮೂರು ವರ್ಷದಿಂದ ಬಂದಿಲ್ಲ.

ಸರ್ ದಾಂಡೇಲಿಯ ಟಿಂಬರ್ ಡಿಪೋದಲ್ಲಿ ಕ್ಲಾರ್ಕ್ ಆಗಿದ್ದು ನಿವೃತ್ತರಾದವರು. ಅವರು ಕೈಯಲ್ಲಿ ಬರೆದದ್ದನ್ನು ಅಂಬೇವಾಡಿಯ ಅವರ ಮನೆಯಲ್ಲೇ ಕೂತು ಟೈಪ್ ಮಾಡುವವಳು ನಾನು. ನಾನು ಬಾಯಿ ಬಿಡುವುದು ಕಡಿಮೆ. ಬಿಡದಿದ್ದರೂ ಅಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ.

ಒಮ್ಮೆ ಮುಂಡಗೋಡದಲ್ಲೊಂದು ಸಭೆಗೆ ಸರ್ ಮುಖ್ಯ ಅತಿಥಿ. ಗಡಿಯಾರ ಡಬ್ಬಿಯಲ್ಲಿ, ರಾಣಿ ಯುದ್ಧದಲ್ಲಿ, ಬಸ್ ತಪ್ಪಿತು. ನಾವು ಮುಟ್ಟಿದಾಗ ವಂದನಾರ್ಪಣೆ ನಡೆದಿತ್ತು. ಮೊದಲೇ ಬರೆದಿಟ್ಟುಕೊಂಡಿದ್ದರೆಂದು ಕಾಣುತ್ತದೆ, ತಮ್ಮ ಅಮೂಲ್ಯ ಮಾತುಗಳಿಂದ ನಮ್ಮ ಕಣ್ಣು ತೆರೆಸಿದ ಕಾದಂಬರಿಕಾರರಿಗೆ ಕೃತಜ್ಞತೆ ಎಂದು ಓದುತ್ತಿದ್ದರು. ಸರ್ ಬಾಗಿಲಲ್ಲೇ ನಿಂತು ಕೈಮುಗಿದರು. ವಾಪಸ್ ಬಸ್ಸಿನಲ್ಲಿ ಹೇಳಿದರು, "ಭಾಷಣ ಚಲೋ ಆಗಿರಬೇಕು ನೋಡವಾ."

ಕುದುರೆ

ರಾಣಿಯ ಸೇನಾಪತಿ ಹಳಿಯಾಳದಿಂದ ಜೋಯಿಡಾಕ್ಕೆ ಕುದುರೆಯ ಮೇಲೆ ಎಷ್ಟು ಹೊತ್ತಿನಲ್ಲಿ ಮುಟ್ಟುತ್ತಾನೆ? ಪುಸ್ತಕಗಳಲ್ಲಿ ಸಿಗಲಿಲ್ಲ. ಕುದುರೆಯೂ ಸಿಗಲಿಲ್ಲ. ಸರ್ ಸ್ಕೂಟರ್ ತೆಗೆದರು. ನೋಟ್‌ಬುಕ್ ಹಿಡಿದು ಹಿಂದೆ ನಾನು.

ಇಡೀ ದಾರಿ ಕುದುರೆಯ ನಡಿಗೆ. ಹಳ್ಳ ಬಂದಲ್ಲೆಲ್ಲ ಸ್ಕೂಟರ್ ನಿಲ್ಲಿಸಿ, ಅದು ನೀರು ಕುಡಿಯುವಷ್ಟು ಹೊತ್ತು ಕಾಯುವುದು. ಸೈಕಲ್ ಮೇಲಿನ ಅಜ್ಜನೊಬ್ಬ ನಮ್ಮನ್ನು ದಾಟಿ ಹೋದವನು ತಿರುಗಿ ಬಂದು, ತಳ್ಳಬೇಕೇನು ಎಂದು ವಿಚಾರಿಸಿದ. ಚೆಕ್‌ಪೋಸ್ಟಿನಲ್ಲಿ ಫಾರೆಸ್ಟ್ ಗಾರ್ಡ್ ಯಾಕಿಷ್ಟು ನಿಧಾನ ಎಂದು ಕೇಳಿದ್ದಕ್ಕೆ ಸರ್, "ಪಾಪ, ದಣದೈತ್ರಿ" ಎಂದರು.

ಗಾರ್ಡ್ ನನ್ನನ್ನು ನೋಡಿ, ಒಳಗೆ ಹೋಗಿ ಒಂದು ತಂಬಿಗೆ ನೀರು ತಂದುಕೊಟ್ಟ.

ಓದು

ಆ ಪ್ರಯಾಣದಿಂದ ಸ್ಕೂಟರ್ ನಿಜವಾಗಿಯೇ ದಣಿದು ಚಾಚಾನ ಗ್ಯಾರೇಜ್ ಸೇರಿತು. ಚಾಚಾ ನಮ್ಮ ಓಣಿಯ ಮೆಕ್ಯಾನಿಕ್. ಸೇನಾಪತಿಗೆ ಸರ್ ಇವನದೇ ಮೀಸೆ, ಇವನದೇ ನಿಲುವು ಕೊಟ್ಟಿದ್ದರು. ವಿಷಯ ಗೊತ್ತಾದ ಮೇಲೆ ಪ್ರತಿ ಅಧ್ಯಾಯವನ್ನೂ ಗ್ಯಾರೇಜಿನಲ್ಲಿ ಓದಬೇಕೆಂದು ಚಾಚಾ ಹಟ ಹಿಡಿದ. ಸರ್ ಆ ವಾರ ಕನ್ನಡಕ ಒಡೆದುಕೊಂಡಿದ್ದರಿಂದ ಓದುವ ಕೆಲಸ ನನಗೆ ಬಂತು.

ನಾನು ಕಲಿತದ್ದು ಇಂಗ್ಲಿಷ್ ಮೀಡಿಯಂ. ಟೈಪ್ ಮಾಡುವಾಗ ಬೆರಳು ಓಡುತ್ತದೆ, ಹತ್ತು ಜನರ ಮುಂದೆ ನಾಲಿಗೆ ಓಡುವುದಿಲ್ಲ. "ಸೇನಾಪತಿ ಬಾಗಿಲು ಒದ್ದು ತೆರೆದ. ಅಲ್ಲಿ ಇದ್ದದ್ದು..." ಎಂದು ತಡವರಿಸಿ ನಿಂತೆ. ಸ್ಪ್ಯಾನರುಗಳೂ ನಿಂತವು. ಹಳೆ ಕಾರಿನ ಸೀಟಿನ ಮೇಲೆ ಕೂತಿದ್ದ ಚಾಚಾನ ಮುದಿತಾಯಿ ಎದೆ ಹಿಡಿದುಕೊಂಡಳು. ಕೊನೆಗೂ ಹೊರಬಂತು: ಪುಷ್ಪಗುಚ್ಛ.

"ಏನ್ ಓದ್ತಾಳಪಾ ಈ ಹುಡುಗಿ, ಜೀವಾನ ಹಿಂಡ್ತಾಳ," ಎಂದಳು ಮುದುಕಿ. ಮರುದಿನದಿಂದ ಪಕ್ಕದ ಗ್ಯಾರೇಜಿನವರೂ ಬರತೊಡಗಿದರು.

ಬಾಣ

ಕೊನೆಯ ಅಧ್ಯಾಯದಲ್ಲಿ ಸೇನಾಪತಿ ಎದೆಗೆ ಬಾಣ ತಾಗಿ ಸಾಯುತ್ತಾನೆ. ಇದನ್ನು ಸರ್ ಗ್ಯಾರೇಜಿನಲ್ಲಿ ಚಹಾ ಕುಡಿಯುತ್ತ ಚಾಚಾನಿಗೆ ಬಾಯಿತಪ್ಪಿ ಹೇಳಿಬಿಟ್ಟರು. ಅಂದಿನಿಂದ ಸ್ಕೂಟರಿನ ಸಾಮಾನು ಹುಬ್ಬಳ್ಳಿಯಿಂದ ಬರಲೇ ಇಲ್ಲ.

ಈ ಸೇನಾಪತಿ ಇತಿಹಾಸದಲ್ಲಿ ಖರೇ ಇದ್ದನೇ ಎಂದು ಚಾಚಾ ಕೇಳಿದ. ಇಲ್ಲ, ನಾನೇ ಸೃಷ್ಟಿ ಮಾಡಿದ್ದು ಎಂದರು ಸರ್.

"ಹುಟ್ಟಿಸಿದವ್ರೂ ನೀವ. ಮತ್ತ ಕೊಲ್ರಿ ಅಂತ ಯಾರ್ ಹೇಳ್ಯಾರ್ರಿ ಸಾಹೇಬ್ರ?"

ಅವನು ಸಾಯದೆ ರಾಣಿಗೆ ಸಿಟ್ಟು ಬರುವುದಿಲ್ಲ, ಸಿಟ್ಟು ಬರದೆ ಯುದ್ಧ ಗೆಲ್ಲುವುದಿಲ್ಲ ಎಂದು ಸರ್ ವಿವರಿಸಿದರು. ಸಿಟ್ಟು ಬರಲು ಸಾಯಲೇಬೇಕೆಂದಿಲ್ಲ, ತನ್ನ ಹೆಂಡತಿಗೆ ಚಹಾ ಆರಿದರೂ ಬರುತ್ತದೆ ಎಂದ ಚಾಚಾ. ಸರ್ ಜಗ್ಗಲಿಲ್ಲ.

ಇವತ್ತು ಬೆಳಿಗ್ಗೆ, ರಾತ್ರಿಯೆಲ್ಲ ಕೂತು ಬರೆದ ಆ ಹಾಳೆಗಳನ್ನು ನನ್ನ ಕೈಗಿತ್ತು, ಅವರು ಮಲಗಲು ಒಳಗೆ ಹೋದರು. ಶತ್ರು ಬಿಲ್ಲು ಎಳೆಯುವವರೆಗೆ ಟೈಪ್ ಮಾಡಿದ್ದೆ. ಕಿಟಕಿಯ ಹೊರಗೆ ಚಾಚಾ ಬಂದು ನಿಂತ, ಗ್ರೀಸ್ ಕೈ ಅರಿವೆಗೆ ಒರೆಸುತ್ತ. ನಾಳೆ ಗ್ಯಾರೇಜಿನಲ್ಲಿ ಅದರ ಓದು ಇತ್ತು. ಅವನ ತಾಯಿ ಕೊನೆಯ ಅಧ್ಯಾಯ ಕೇಳಲೆಂದೇ ಹೊಸ ಸೀರೆ ತೆಗೆದಿಟ್ಟಿದ್ದಾಳೆ. ತನ್ನ ಮಗ ರಾಣಿಗೆ ಯುದ್ಧ ಗೆದ್ದುಕೊಡುತ್ತಾನೆ ಎಂದು ಇಡೀ ಓಣಿಗೆ ಹೇಳಿ ಬಂದಿದ್ದಾಳೆ.

ಅವನು ಒಳಕೋಣೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ.

"ಬೇಟಿ, ಟೈಪ್ ಮಾಡಾಕಿ ನೀನ ಅಲ್ಲ? ಆ ಬಾಣ ಒಂದು ಗೇಣು ಮ್ಯಾಲ ತಗೋ, ಹೆಗಲಿಗೆ ಹತ್ತಲಿ. ಮುಂದಿಂದು ನಾ ರಿಪೇರಿ ಮಾಡ್ಕೋತೇನಿ."