ಪುದೀನ ಘಮದ ಬರ್ಬನ್

ವರ್ಲಿನ್ ಟ್ಯಾಕೆಟ್ ಬೆಳಗಿನ ಜಾವ ನಿದ್ದೆಯಲ್ಲಿ ಒಂದು ಸಲ ಸೀನಿದ್ದೇ ತಪ್ಪಾಯಿತು. ಪಕ್ಕದ ಕೋಣೆಯಲ್ಲಿದ್ದ ಅವನ ಅತ್ತೆ ವೀಡಾಗೆ ಸಿಡಿಲು ಬಡಿದರೂ ಕೇಳಿಸುವುದಿಲ್ಲ, ಅಳಿಯನ ಸೀನು ಮಾತ್ರ ಕೇಳಿಸುತ್ತದೆ. ಅವನಿಗೆ ಎಚ್ಚರವಾಗುವಷ್ಟರಲ್ಲಿ ಆಕೆ ಪುದೀನದಂತೆ ಘಾಟು ಹೊಡೆಯುವ ಮೆಂಥಾಲ್ ಮುಲಾಮನ್ನು ಅವನ ಎದೆ, ಕತ್ತು, ಮೂಗಿನ ಕೆಳಗೆಲ್ಲ ಗೋಡೆಗೆ ಸುಣ್ಣ ಬಳಿದಂತೆ ಬಳಿದು ಮುಗಿಸಿದ್ದಳು.

"ಅತ್ತೇ! ಏನ್ ಮಾಡ್ಬಿಟ್ರಿ! ಇವತ್ತು ನಂಗೆ ಮೂಸೋ ಕೆಲ್ಸ ಇದೆ!"

"ಅದಕ್ಕೇ ಕಣಪ್ಪಾ ಕಟ್ಟಿದ ಮೂಗು ಬಿಡಿಸಿಕೊಟ್ಟಿದ್ದು. ಉಪಕಾರ ಮಾಡಿದ್ರೆ ಹೀಗೆ ಕಿರುಚ್ತಾರಾ ಯಾರಾದ್ರೂ?"

ವರ್ಲಿನ್ ಕಿರುಚಿದ್ದಕ್ಕೆ ಕಾರಣವಿತ್ತು. ಕ್ರೂಕೆಡ್ ಎಲ್ಮ್ ಬರ್ಬನ್ ವಿಸ್ಕಿ ಕಾರ್ಖಾನೆಯ ರುಚಿಕೋಣೆಯಲ್ಲಿ, ಮದ್ಯ ಮೂಸಿ ನೋಡುವವರ ಸಾಲಿನಲ್ಲಿ, ಅವನದೊಂದು ಸ್ಟೂಲು. ಆ ಕೋಣೆಗೆ ಸೆಂಟು, ಸೋಪು, ಈರುಳ್ಳಿ, ಯಾವ ವಾಸನೆಯೂ ಬರಕೂಡದು. ಒಮ್ಮೆ ಕ್ಷೌರದ ಲೋಷನ್ ಹಚ್ಚಿಕೊಂಡು ಹೋಗಿ ಹೊರಗೆ ಹಾಕಿಸಿಕೊಂಡಿದ್ದ. ಇನ್ನೊಮ್ಮೆ ಕರಿದ ಮೀನು ತಿಂದು ಹೋಗಿ. ಮೂರನೇ ಸಲಕ್ಕೆ ಗೋದಾಮು ಎಂದು ಬರ್ಬನ್ ಬೆರೆಸುವವರಲ್ಲಿ ಹಿರಿಯಳಾದ ಮಿಸ್ ಯುಡೋರಾ ಎಲ್ಲರೆದುರಿಗೆ ಹೇಳಿದ್ದಳು. ಗೋದಾಮಿನ ಮೇಲಿನ ಅಂತಸ್ತೆಂದರೆ ಬೇಸಿಗೆಯಲ್ಲಿ ರೊಟ್ಟಿ ಸುಡುವ ಒಲೆಯ ಒಳಗಿದ್ದ ಹಾಗೆ. ಅಲ್ಲಿ ಪೀಪಾಯಿ ಉರುಳಿಸಿ ಉರುಳಿಸಿಯೇ ವರ್ಲಿನ್‌ನ ಮಂಡಿ ಹೋಗಿತ್ತು. ಸ್ಟೂಲು ಸಿಕ್ಕಿದ್ದು ಆ ಮಂಡಿಯ ಪುಣ್ಯದಿಂದ.

ಅದರಲ್ಲೂ ಇವತ್ತು ಹಳೇ ಪೀಪಾಯಿಗಳನ್ನು ಹದವಾಗಿ ಬೆರೆಸಿದ ಹೊಸ ಬರ್ಬನ್ನಿನ ಪರೀಕ್ಷೆ. ಅಷ್ಟನ್ನೂ ಕೊಳ್ಳಬಹುದಾದ ದೊಡ್ಡ ವ್ಯಾಪಾರಿ ಪ್ರೂಯಿಟ್ ಲೂಯಿವಿಲ್‌ನಿಂದ ಬರುವವನಿದ್ದ.

ವರ್ಲಿನ್ ಹಿತ್ತಿಲ ನಲ್ಲಿಯ ಕೆಳಗೆ ಕೂತು ಮೈ ಉಜ್ಜಿದ. ಮುಲಾಮು ಹೋಗುವ ಬದಲು ಇನ್ನೂ ಒಳಗಿಳಿಯಿತು. ಬೇಲಿಯಾಚೆಯಿಂದ ನೆರೆಮನೆಯ ಲೆಸ್ಟರ್ ಇಣುಕಿದ.

"ಏನೋ ವರ್ಲಿನ್, ಎಮ್ಮೆ ತೊಳ್ದಂಗೆ ತೊಳ್ಕೋತಿದ್ದೀಯ?"

ವರ್ಲಿನ್ ಅಳುವ ದನಿಯಲ್ಲಿ ಕತೆ ಹೇಳಿದ.

"ಅಯ್ಯೋ, ಇಷ್ಟೇನಾ! ನಮ್ ನಾಯಿ ಮೇಲೆ ಆ ನಾರೋ ಪ್ರಾಣಿ ಸ್ಕಂಕ್ ಬಾಲ ಎತ್ತಿ ಗಬ್ಬು ಸಿಡಿಸಿದಾಗ ಏನ್ ಮಾಡಿದ್ವು ಹೇಳು? ಟೊಮೇಟೊ ರಸ! ತಡಿ, ನಮ್ಮೋಳು ಬಾಟ್ಲಿಗೆ ಹಾಕಿಟ್ಟಿದ್ದಾಳೆ."

"ನಾಯಿಗೆ ವಾಸ್ನೆ ಹೋಯ್ತಾ?"

"ನಾಯಿ ಓಡೋಯ್ತು. ಅದು ಬೇರೆ ವಿಷ್ಯ ಬಿಡು."

ಟೊಮೇಟೊ ರಸ ನೆತ್ತಿಯಿಂದ ಸುರಿಯಿತು. ಲೆಸ್ಟರ್ ಮೂಸಿ ನೋಡಿದ. ತಜ್ಞ ವೈದ್ಯನಂತೆ ತಲೆಯಾಡಿಸಿದ. "ಮುಲಾಮು ಹಾಗೇ ಇದೆ ಮಾರಾಯ. ಈಗ ಟೊಮೇಟೊನೂ ಇದೆ. ಬಾ, ನಮ್ ಹೊಗೆಸೊಪ್ಪಿನ ಕೊಟ್ಟಿಗೇಲಿ ಸ್ವಲ್ಪ ಹೊತ್ತು ನಿಂತ್ಕೋ. ಸೊಪ್ಪು ಎಂಥಾ ವಾಸ್ನೇನೂ ಎಳ್ಕೊಂಡ್ಬಿಡುತ್ತೆ."

ಸೊಪ್ಪಿನ ಗೊಂಚಲುಗಳ ನಡುವೆ ವರ್ಲಿನ್ ಒಣಗಲು ಹಾಕಿದ ಅಂಗಿಯಂತೆ ನಿಂತ. ಸೊಪ್ಪು ಏನನ್ನೂ ಎಳೆದುಕೊಳ್ಳಲಿಲ್ಲ, ತನ್ನದನ್ನೂ ಕೊಟ್ಟಿತು. ಮಂಗನ ಕೈಗೆ ಸಿಕ್ಕಿದ ಗಾಯದಂತೆ ಒಂದು ವಾಸನೆ ಮೂರಾಯಿತು. ಆದರೆ ಮೂಗಿನ ತುಂಬ ಮೆಂಥಾಲ್ ತುಂಬಿದ್ದ ವರ್ಲಿನ್‌ಗೆ ಅದು ಗೊತ್ತಾಗುವ ಮಾತೇ ಇರಲಿಲ್ಲ.

"ಈಗ ಹೆಂಗಿದೆ, ಲೆಸ್ಟರ್?"

"ಹೋಗು ಹೋಗು, ಹೊತ್ತಾಯ್ತು," ಎಂದ ಲೆಸ್ಟರ್, ಮೂಗು ಮುಚ್ಚಿಕೊಂಡು.

ರುಚಿಕೋಣೆಯಲ್ಲಿ ವರ್ಲಿನ್ ತನ್ನ ಸ್ಟೂಲನ್ನು ಎಲ್ಲರಿಂದ ದೂರಕ್ಕೆ, ಮೂಲೆಗೆ ಎಳೆದುಕೊಂಡು ಕೂತ. ಸದ್ಯ ಯಾರೂ ಹತ್ತಿರ ಬರಲಿಲ್ಲ. ಅವನು ಉಸಿರುಬಿಡುವಷ್ಟರಲ್ಲಿ ಜೊತೆಯ ಮೂಸುಗಾರ ಹೋಬರ್ಟ್ ಎದ್ದು, "ಏನ್ ಸೆಕೆ ಅಂತೀನಿ! ಅತಿಥಿಗಳು ಬೇರೆ ಬಂದಿದ್ದಾರೆ," ಎನ್ನುತ್ತ ಮೂಲೆಯಲ್ಲಿದ್ದ ಫ್ಯಾನು ಹಾಕಿದ. ಅದು ವರ್ಲಿನ್‌ನ ಬೆನ್ನ ಹಿಂದೆಯೇ ಇತ್ತು. ವರ್ಲಿನ್‌ನನ್ನು ಒಂದಿಷ್ಟೂ ಉಳಿಸದೆ ಮೇಜಿನ ಉದ್ದಕ್ಕೂ ಹಂಚತೊಡಗಿತು.

"ಆರಿಸ್ಬಿಡೋ, ನಂಗೆ ಶೀತ ಆಗುತ್ತೆ!"

"ಈ ಬಿಸಿಲಲ್ಲಿ ಶೀತಾನಾ? ಸುಮ್ನೆ ಕೂತ್ಕೋ ಮಾರಾಯ."

ಮಿಸ್ ಯುಡೋರಾ ಗ್ಲಾಸುಗಳಿಗೆ ಬರ್ಬನ್ ಹೊಯ್ದಳು. ಒಳ್ಳೆಯ ಜೇನಿನ ಬಣ್ಣ. ಪ್ರೂಯಿಟ್ ಗ್ಲಾಸನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ಬಾಯಿ ಅರ್ಧ ತೆರೆದು ಮೂಗು ಇಳಿಬಿಟ್ಟ. ಅವನ ಹುಬ್ಬು ಮೇಲೇರಿ ಟೋಪಿಯೊಳಗೆ ಹೋಯಿತು.

"ಪುದೀನ!" ಎಂದ. "ಇಷ್ಟು ಜೋರಾಗಿ ಪುದೀನ ಹೊಡಿಯೋ ಬರ್ಬನ್ನು ನಾನು ಜೀವಮಾನದಲ್ಲಿ ಮೂಸಿಲ್ಲ!"

ವರ್ಲಿನ್‌ನ ಜೀವ ಕಾಲಿನ ಹೆಬ್ಬೆರಳಿಗೆ ಇಳಿಯಿತು.

ಅತಿಥಿ ಕಂಡುಹಿಡಿದ ವಾಸನೆಯನ್ನು ಇಲ್ಲವೆನ್ನುವುದು ಆ ಕಡೆ ಮರ್ಯಾದೆಯಲ್ಲ. ಅದೂ ಅಲ್ಲದೆ ವಾಸನೆ ನಿಜವಾಗಿಯೂ ಇತ್ತಲ್ಲ! ಹೋಬರ್ಟ್ ಕಣ್ಣು ಮುಚ್ಚಿ ಮೂಸಿದ. "ಹೌದು ಸಾರ್. ಪುದೀನದ ಹಿಂದೇನೇ ಹೊಗೆಸೊಪ್ಪು ಬರ್ತಿದೆ. ಕೊಟ್ಟಿಗೇಲಿ ನೇತು ಹಾಕಿದ ಎಳೇ ಸೊಪ್ಪು."

"ಭಲೇ! ಅದರ ಕೆಳಗೆ ಇನ್ನೊಂದೇನೋ ಇದೆ ನೋಡಿ. ಹುಳಿಹುಳಿ. ತೋಟದ್ದು..."

"ಟೊಮೇಟೊ, ಸಾರ್?"

"ಟೊಮೇಟೊ! ಏನ್ ಮೂಗಪ್ಪಾ ನಿಮ್ದು!"

ಮಿಸ್ ಯುಡೋರಾ ಮಾತ್ರ ತನ್ನ ಗ್ಲಾಸು ನೋಡಿ ಹುಬ್ಬು ಗಂಟಿಕ್ಕಿದಳು. ತಾನೇ ಬೆರೆಸಿದ ಬರ್ಬನ್ನು. ಅದರಲ್ಲಿ ಸುಟ್ಟ ಓಕ್ ಮರವಿತ್ತು, ಕಾಯಿಸಿದ ಸಕ್ಕರೆಯಿತ್ತು, ವೆನಿಲ್ಲಾ ಇತ್ತು. ಟೊಮೇಟೊ ಯಾವಾಗ ಬಂತು? ಆಕೆ ಗ್ಲಾಸು ಹಿಡಿದು ಎದ್ದು ಹೊರಗಿನ ವರಾಂಡಕ್ಕೆ ಹೋದಳು. ಅಲ್ಲಿ ಮೂಸಿದಳು. ಒಳಗೆ ಬಂದು ಮೂಸಿದಳು. ಮತ್ತೆ ವರಾಂಡಕ್ಕೆ ಹೋದಳು. ಕಿಟಕಿಯಿಂದ ಇದನ್ನು ನೋಡುತ್ತಿದ್ದ ವರ್ಲಿನ್ ಗೋದಾಮಿನ ಮೆಟ್ಟಿಲನ್ನು ಮನಸ್ಸಿನಲ್ಲೇ ಹತ್ತತೊಡಗಿದ.

"ನೀವೇನಂತೀರಿ, ಮೂಲೇಲಿರೋರು?" ಪ್ರೂಯಿಟ್ ಅವನ ಕಡೆ ತಿರುಗಿದ.

ವರ್ಲಿನ್ ಗ್ಲಾಸಿಗೆ ಮೂಗು ತೂರಿಸಿದ. ಅದರಲ್ಲಿ ಬರ್ಬನ್ನಿದೆಯೋ ಬಾವಿ ನೀರಿದೆಯೋ ದೇವರಿಗೇ ಗೊತ್ತು. "ನಂಗೂ... ಮೊದ್ಲು ಬರೋದು ಪುದೀನಾನೇ ಸಾರ್," ಎಂದ. ಆ ದಿನ ಆ ಕೋಣೆಯಲ್ಲಿ ಅವನಷ್ಟು ಸತ್ಯ ಹೇಳಿದವರು ಯಾರೂ ಇಲ್ಲ.

"ಮುಗೀತು!" ಪ್ರೂಯಿಟ್ ಮೇಜು ಗುದ್ದಿದ. "ಅಷ್ಟೂ ನಂಗೆ. ಒಂದು ಪೀಪಾಯಿ ಕೂಡ ಬೇರೆಯೋರಿಗೆ ಕೊಡಬೇಡಿ ತಾಯೀ." ಬಾಗಿಲಲ್ಲಿ ನಿಂತಿದ್ದ ಯುಡೋರಾಳ ಕೈ ಕುಲುಕಿ, ಹಾಡು ಗುನುಗುತ್ತ ಕಾರು ಹತ್ತಿದ. ಅವನನ್ನು ಬೀಳ್ಕೊಡಲು ಹೋಬರ್ಟ್ ಹಿಂದೆಯೇ ಓಡಿದ.

ವರ್ಲಿನ್ ಗೋಡೆ ಸವರಿಕೊಂಡು ಬಾಗಿಲ ಕಡೆ ಸರಿಯುತ್ತಿದ್ದ. ಯುಡೋರಾ ಅವನ ಕಾಲರ್ ಹಿಡಿದು, ಕತ್ತಿನ ಹತ್ತಿರ ಮೂಗು ತಂದು, ಹೊಸ ಪೀಪಾಯಿಯನ್ನು ಮೂಸುವಂತೆ ಒಮ್ಮೆ ನಿಧಾನಕ್ಕೆ ಮೂಸಿದಳು.

"ಮೆಂಥಾಲ್. ಹೊಗೆಸೊಪ್ಪು. ಕಿವಿ ಹಿಂದೆ ಟೊಮೇಟೊ ಬೀಜಾನೂ ಅಂಟಿದೆ."

"ತಪ್ಪಾಯ್ತು ಮೇಡಂ. ನಮ್ಮತ್ತೆ..."

"ಪ್ರೂಯಿಟ್ ಸೋಮವಾರ ಮತ್ತೆ ಬರ್ತಾನಂತೆ. ಸ್ನೇಹಿತರನ್ನೆಲ್ಲ ಕರ್ಕೊಂಡು. ಪುದೀನ ತೋರಿಸ್ಬೇಕಂತೆ ಅವರಿಗೆ."

"ಹಾಗಾದ್ರೆ ನಾನು ಗೋದಾಮಿಗೆ..."

"ಹುಚ್ಚಾ ನಿಂಗೆ? ಗೋದಾಮಿಗೆ ಕಳ್ಸಿ ನಾನೆಲ್ಲಿಂದ ತರ್ಲಿ ಪುದೀನ? ನಿನ್ ಸ್ಟೂಲು ನಿಂದೇ. ಅದೇ ಮೂಲೆ, ಅದೇ ಫ್ಯಾನು. ಪ್ರೂಯಿಟ್ ಬಂದಾಗೆಲ್ಲ ಅದೇ ಮುಲಾಮು, ಅದೇ ಟೊಮೇಟೊ, ಅದೇ ಕೊಟ್ಟಿಗೆ."

ಬೀಸುವ ದೊಣ್ಣೆ ತಪ್ಪಿತ್ತು. ವರ್ಲಿನ್‌ಗೆ ಸಮಾಧಾನದಿಂದ ಕಣ್ಣಲ್ಲಿ ನೀರೇ ಬಂತು. ಅವನು ಸ್ಟೂಲನ್ನು ಪ್ರೀತಿಯಿಂದ ಮೂಲೆಗೆ ಸರಿಸಿದ. ಅದರ ಮುಂದೆ ಮೇಜಿನ ಮೇಲೆ ತನ್ನ ಗ್ಲಾಸನ್ನು ನೇರವಾಗಿ ಇಟ್ಟ.

ಯುಡೋರಾ ಬಂದು ಗ್ಲಾಸು ಎತ್ತಿಕೊಂಡಳು.

"ಅದು ನಂದು, ಮೇಡಂ."

"ಆಗಿತ್ತು," ಎಂದಳು ಆಕೆ, ಅವನ ಪಾಲಿನ ಬರ್ಬನ್ನನ್ನು ತಾನೇ ಒಂದು ಗುಟುಕು ಕುಡಿದು. "ಘಮಘಮಿಸೋಕೆ ಇಟ್ಟ ಹೂದಾನಿ ಮುಂದೆ ಯಾರಾದ್ರೂ ಗ್ಲಾಸಿಡ್ತಾರೇನಪ್ಪಾ?"