ತಿಂಗಳ ಲೆಕ್ಕದ ಜೋಗುಳ

ಹೆಬ್ಬೆರಳಿನಿಂದ ಒಂದು ಸಲ ಒತ್ತಿದ್ದು, ಅಷ್ಟೇ. ಊಟಕ್ಕೆ ಕೂತವನು ಎಡಗೈಯಲ್ಲಿ ಫೋನು ಹಿಡಿದು, ಹಾಡು ಕೇಳುವ ಆ್ಯಪಿನ ಚಂದಾ ನಿಲ್ಲಿಸಿಬಿಟ್ಟ. ‘ನಿಜವಾಗಿಯೂ ಬೇಡವೇ? ಯೋಚಿಸಿದಿರಾ? ನಾವೇನಾದರೂ ತಪ್ಪು ಮಾಡಿದೆವೇ?’ ಎಂದು ಫೋನು ಗೋಗರೆಯಿತು. ಹೊರಟು ನಿಂತ ನೆಂಟರೂ ಬಾಗಿಲಲ್ಲಿ ಅಷ್ಟು ಎಳೆದಾಡುವುದಿಲ್ಲ.

“ತಿಂಗಳು ತಿಂಗಳು ಕೊಡ್ತಾನೇ ಇರೋದು, ಕೊನೆಗೆ ಕೈಯಲ್ಲಿ ಉಳಿಯೋದೇನು? ಗಾಳಿ! ಏನೇ ಆಗ್ಲಿ, ಸ್ವಂತದ್ದಿರಬೇಕು,” ಎಂದು ಅವನು ಅನ್ನ ಕಲಸುತ್ತ ಘೋಷಿಸಿದ. ಹೆಂಡತಿ ಏನೋ ಹೇಳುತ್ತಿದ್ದಳು. ಅವನು ಘೋಷಿಸುತ್ತಲೇ ಇದ್ದ.

ಈ ಘೋಷಣೆಯಿಂದಾಗಿಯೇ ಆ ಕಟ್ಟಡದವರೆಲ್ಲ ಅವನಿಗೆ ಸ್ವಂತಪ್ಪ ಎಂದು ಹೆಸರಿಟ್ಟಿದ್ದರು. ಅವನಿದ್ದ ಮನೆ ಬಾಡಿಗೆಯದು. ಅವನಿಗೆ ಕೆಲಸವಿದ್ದದ್ದು ಕುರ್ಚಿ, ಮೇಜು, ಏಣಿ, ಡ್ರಿಲ್ಲಿಂಗ್ ಮೆಷೀನು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ. ಸ್ವಂತದ್ದು ಅಂತ ಇದ್ದದ್ದು ಒಬ್ಬಳು ಹೆಂಡತಿ, ಇನ್ನೂ ಹಲ್ಲು ಮೂಡದ ಮಗಳು ಪುಟ್ಟಿ, ಮತ್ತು ಈ ಅಭಿಪ್ರಾಯ.

ಮರುದಿನ ಬೆಳಿಗ್ಗೆ ಹೆಂಡತಿಗೆ ಇಂಟರ್‌ವ್ಯೂ ಇತ್ತು. ಮನೆಯಿಂದಲೇ ಫೋನಿನಲ್ಲಿ ಗಿರಾಕಿಗಳ ಜೊತೆ ಮಾತಾಡುವ ಕೆಲಸ. ಮಗು ಹುಟ್ಟಿದ ಮೇಲೆ ಅವಳು ಹೀಗೆ ಲ್ಯಾಪ್‌ಟಾಪಿನ ಮುಂದೆ ಕೂತಿದ್ದು ಇದೇನೂ ಮೊದಲಲ್ಲ. ಹಿಂದಿನ ಸಲ, ‘ನಿಮ್ಮ ಬಗ್ಗೆ ಹೇಳಿ’ ಎಂದಾಗ ಪುಟ್ಟಿಯೇ ಒಳಗಿನಿಂದ ಉತ್ತರ ಕೊಟ್ಟು ಎಲ್ಲ ಮುಗಿಸಿದ್ದಳು. ಈ ಸಲ ಹೆಂಡತಿ ಪಾತ್ರೆ ತೊಳೆಯುತ್ತ, ಬಟ್ಟೆ ಹಿಂಡುತ್ತ, ಮಗುವಿನ ಕಾಲಿಗೆ ಎಣ್ಣೆ ತಿಕ್ಕುತ್ತ ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಮನೆಯ ಹಳೇ ಪೈಜಾಮ.

“ರೀ, ನಾನು ಬಾಗಿಲು ತೆಗೆಯೋವರೆಗೆ ಅವಳು ಮಲಗಿರಬೇಕು. ಇದೊಂದು ಸಲ, ದಮ್ಮಯ್ಯ.”

“ಅರ್ಧ ದಿನ ರಜೆ ಹಾಕಿ ನಿಂತಿದ್ದೀನಲ್ಲ? ಮಗು ಮಲಗಿಸೋದೇನು ಮಹಾ ವಿದ್ಯೆ!”

ಆ ಮಾತು ಒಂದು ಮಟ್ಟಿಗೆ ನಿಜವೇ. ಪುಟ್ಟಿ ಮಲಗುವುದು ಸುಲಭ. ಕೊಳಲಿನ ಒಂದು ಜೋಗುಳವಿತ್ತು, ಅದನ್ನು ಹಾಕಿ ಹೆಗಲ ಮೇಲೆ ಎತ್ತಿಕೊಂಡರೆ ಸಾಕು. ಆ ಜೋಗುಳ ಇದ್ದದ್ದು ಫೋನಿನಲ್ಲಿ.

ಹೆಂಡತಿ ಕೋಣೆಯ ಬಾಗಿಲು ಹಾಕಿಕೊಂಡಳು. ಸ್ವಂತಪ್ಪ ಜೋಗುಳ ಹಾಕಿದ. ಕೊಳಲು ಮೆಲ್ಲಗೆ ಎದ್ದಿತು. ಪುಟ್ಟಿ ಅಪ್ಪನ ಕುತ್ತಿಗೆಯಲ್ಲಿ ಮುಖ ಹುದುಗಿಸಿದಳು. ರೆಪ್ಪೆಗಳು ಒಂದಕ್ಕೊಂದು ಹತ್ತಿರ ಬಂದವು, ಕೂಡಿಕೊಂಡವು.

“ನಿದ್ದೇ ಬರ್ತಿಲ್ವಾಆಆ?!” ಎಂದು ಫೋನು ಕಿರುಚಿತು. “ಇವತ್ತೇ ತನ್ನಿ, ನಮ್ಮ ಹಾಸಿಗೆ!”

ಪುಟ್ಟಿ ಹಲಗೆಯಂತೆ ಸೆಟೆದುಕೊಂಡಳು. ಚಂದಾ ಕಟ್ಟದವರಿಗೆ ಹಾಡಿನ ನಡುವೆ ಜಾಹೀರಾತು ಬರುತ್ತದೆ ಎಂಬುದು ಸ್ವಂತಪ್ಪನಿಗೆ ಮರೆತೇಹೋಗಿತ್ತು. ಅವನು ಗಾಬರಿಯಲ್ಲಿ ಗುಂಡಿ ಒತ್ತಿದ. ಸದ್ದು ಇಳಿಯುವ ಬದಲು ಏರಿತು. ಕೊನೆಗೆ ಅಡುಗೆಮನೆಗೆ ಓಡಿ ಫೋನನ್ನು ಅಕ್ಕಿ ಡಬ್ಬಿಯೊಳಗೆ ಹೂತು ಮುಚ್ಚಳ ಹಾಕಿದ. ಅಕ್ಕಿಯ ಆಳದಿಂದ ಹಾಸಿಗೆಯವನು, “ಬೆನ್ನುನೋವಿಗೆ ಹೇಳಿ ಗುಡ್‌ಬೈ!” ಎಂದು ಹಾಡುತ್ತಲೇ ಇದ್ದ.

ಎದುರು ಮನೆಯ ಟೈಲರಕ್ಕ ಹೆಗಲ ಮೇಲೆ ಅಳತೆ ಟೇಪು ಹಾಕಿಕೊಂಡು ಪ್ರತ್ಯಕ್ಷಳಾದಳು. ಯಾರ ಮನೆಯಲ್ಲಿ ಹಾಲು ಉಕ್ಕಿದರೂ ಅವಳಿಗೆ ವಾಸನೆ ಬಡಿಯುತ್ತಿತ್ತು.

“ಯಾಕಪ್ಪ ಸ್ವಂತಪ್ಪ, ಅಕ್ಕಿ ಹಾಡ್ತಾ ಇದೆ?”

ಅವನು ಪಿಸುಮಾತಿನಲ್ಲಿ ಎಲ್ಲ ಹೇಳಿದ.

“ಚಂದಾ ನಿಲ್ಲಿಸಿದ್ಯಾ? ನಿನ್ನ ಬುದ್ಧಿಗಿಷ್ಟು! ನಾನು ನೋಡು, ಹಾಡು, ಸಿನಿಮಾ, ಕುಡಿಯೋ ನೀರು, ಎಲ್ಲಾನೂ ತಿಂಗಳ ಲೆಕ್ಕ. ಸ್ವಂತದ್ದು ಅಂದ್ರೆ ಏನು? ಧೂಳು ಹೊಡಿಯೋ ಕೆಲಸ. ತಗೋ, ನನ್ನ ಫೋನಲ್ಲಿ ಜಾಹೀರಾತಿನ ಕಾಟ ಇಲ್ಲ.”

ಅಕ್ಕನ ಫೋನಿನಲ್ಲಿ ಕೊಳಲು ಮತ್ತೆ ಎದ್ದಿತು. ಪುಟ್ಟಿಯ ಬಿಕ್ಕು ಸಣ್ಣದಾಯಿತು. ರೆಪ್ಪೆಗಳು ಇಳಿದವು. ಸ್ವಂತಪ್ಪ ಕಣ್ಣಲ್ಲೇ ಅಕ್ಕನಿಗೆ ಕೈಮುಗಿದ. ಆಗ ಜೋಗುಳ ಗಪ್ಪನೆ ನಿಂತಿತು.

“ಅಯ್ಯೋ, ಅಂಗಡೀಲಿ ನಮ್ಮ ಹುಡುಗೀರು ಹಾಡು ಹಾಕಿರಬೇಕು,” ಎಂದಳು ಅಕ್ಕ. “ನನ್ನದೇ ಚಂದಾ ಅಲ್ಲೂ ಓಡೋದು. ಒಂದು ಸಲಕ್ಕೆ ಒಂದೇ ಕಡೆ ಹಾಡುತ್ತೆ.”

ಅವಳು ಒತ್ತಿದಳು, ಜೋಗುಳ ಬಂತು. ಅತ್ತ ಅಂಗಡಿಯಲ್ಲಿ ಹುಡುಗಿಯರು ಒತ್ತಿದರು, ಜೋಗುಳ ಹೋಯಿತು. ಒಂದೇ ಸೀರೆಯನ್ನು ಇಬ್ಬರು ಗಿರಾಕಿಗಳು ಎಳೆದಾಡಿದ ಹಾಗೆ ಕೊಳಲು ಇಲ್ಲಿಂದಲ್ಲಿಗೆ, ಅಲ್ಲಿಂದಿಲ್ಲಿಗೆ ಜಗ್ಗಾಡಿತು. ಅಕ್ಕನಿಗೆ ರೋಷ ಬಂತು. ಕಿಟಕಿಗೆ ಧಾವಿಸಿ, ರಸ್ತೆಯಾಚೆಯ ತನ್ನ ಅಂಗಡಿಗೆ ಕೇಳುವಂತೆ, “ಏಯ್, ನಿಲ್ಸ್ರೇ ಆ ಹಾಡ್ನ! ಇಲ್ಲಿ ಮಗು ಮಲಗ್ತಾ ಇದೆ!” ಎಂದು ಕೂಗಿದಳು.

ಮಲಗುತ್ತಿದ್ದ ಮಗು ಹಾಗೆ ಮಲಗೀತಾದರೂ ಹೇಗೆ? ಪುಟ್ಟಿ ರಾಗ ತೆಗೆದಳು. ಕೋಣೆಯೊಳಗೆ ಹೆಂಡತಿಯ ಇಂಪಾದ ಮಾತು ಒಂದು ಗಳಿಗೆ ತಡವರಿಸಿತು. ಪೈಜಾಮ ಸರಿಮಾಡಿಕೊಳ್ಳುತ್ತ ಬಾಗಿಲು ಹಾಕಿಕೊಂಡವಳ ಮುಖ ಸ್ವಂತಪ್ಪನಿಗೆ ನೆನಪಾಯಿತು.

ಮೆಟ್ಟಿಲ ಮೇಲೆ ಧಡ್ ಧಡ್ ಹೆಜ್ಜೆ. ಮೇಲಿನ ಮನೆಯ ನಿವೃತ್ತ ಬ್ಯಾಂಡ್ ಮೇಷ್ಟ್ರು ಇಳಿದು ಬಂದರು. ಎರಡೂ ಕೈಯಲ್ಲಿ ಟ್ರಂಕಿನಷ್ಟು ದೊಡ್ಡ ಟೇಪ್ ರೆಕಾರ್ಡರು.

“ಎಲ್ಲಾ ಕೇಳಿಸ್ತು ಕಣಯ್ಯ. ಬಾಡಿಗೆ ಸಂಗೀತ ಅಂದ್ರೆ ಇಷ್ಟೇ. ಇದು ನೋಡು, ನಂದು. ಕ್ಯಾಸೆಟ್ಟೂ ನಂದು. ಯಾವನೂ ಬಂದು ನಿಲ್ಲಿಸೋ ಹಾಗಿಲ್ಲ.”

ಸ್ವಂತಪ್ಪನ ಕಣ್ಣು ಮಿನುಗಿತು. “ಮೇಷ್ಟ್ರೇ, ನಾನೂ ಇದನ್ನೇ ಹೇಳೋದು!”

ಮೇಷ್ಟ್ರು ಗುಂಡಿ ಒತ್ತಿದರು. ಯಂತ್ರವನ್ನು ಯಾರೂ ನಿಲ್ಲಿಸುವಂತಿರಲಿಲ್ಲ, ನಿಜ. ಅದು ತಾನಾಗಿಯೇ ಓಡುವಂತೆಯೂ ಇರಲಿಲ್ಲ. ಒಳಗಿನ ಬೆಲ್ಟು ಸಡಿಲವಾಗಿ, ಜೋಗುಳ ಹಾಡುವ ಹೆಂಗಸಿನ ದನಿ ನೆಗಡಿಯಾದ ಎಮ್ಮೆಯಂತೆ ಹೊರಬಿತ್ತು. ಪುಟ್ಟಿ ಅಳು ನಿಲ್ಲಿಸಿ ಬೆರಗಾಗಿ ನೋಡಿದಳು; ಮತ್ತೆ ಕೆಳತುಟಿ ಮುಂದೆ ಬಂತು.

“ಬೆಲ್ಟು ಬದಲಾಯಿಸಿದ್ರೆ ಆಯ್ತು,” ಎಂದರು ಮೇಷ್ಟ್ರು.

“ಎಲ್ಲಿ ಸಿಗುತ್ತೆ?”

“ಅದೀಗ ಎಲ್ಲೂ ಸಿಗಲ್ಲ.”

“ಹೂಂ, ಸ್ವಂತದ್ದು!” ಎಂದು ಟೈಲರಕ್ಕ ಮೂಗು ಮುರಿದಳು. ಆದರೂ ಕೈ ಸುಮ್ಮನಿರಬೇಕಲ್ಲ. ಜೇಬಿನಿಂದ ಲಂಗಕ್ಕೆ ಹಾಕುವ ಎಲಾಸ್ಟಿಕ್ಕು ತೆಗೆದು, ಹಲ್ಲಲ್ಲಿ ಕಡಿದು, ಎರಡು ಹೊಲಿಗೆ ಹಾಕಿ ಕೊಟ್ಟಳು. ಮೇಷ್ಟ್ರು ಅದನ್ನು ಬೆಲ್ಟಿನ ಜಾಗಕ್ಕೆ ಸಿಕ್ಕಿಸಿದರು.

ಎಮ್ಮೆ ಹೋಗಿ ಹೆಂಗಸು ಬಂದಳು! ಜೇನಿನಂಥ ದನಿ. ಒಂದು ನುಡಿ ಮುಗಿಯುವಷ್ಟರಲ್ಲಿ ಪುಟ್ಟಿಯ ತಲೆ ವಾಲಿತು. ಮೇಷ್ಟ್ರು ಅಕ್ಕನ ಕಡೆ ನೋಡಿ ಹುಬ್ಬು ಹಾರಿಸಿದರು. ಸ್ವಂತಪ್ಪ ತುದಿಗಾಲಲ್ಲಿ ತೊಟ್ಟಿಲಿನ ಕಡೆ ನಡೆದು, ಮಗುವನ್ನು ಇನ್ನೇನು ಇಳಿಸಬೇಕು.

ಭೊಂ! ಭೊಂ! ಭೊರ್ರ್ ಭೊಂ! ಟೇಪ್ ರೆಕಾರ್ಡರಿನೊಳಗೆ ಕಹಳೆಗಳ ಸೈನ್ಯವೇ ನುಗ್ಗಿತು.

“ಓ, ಇದು ನಮ್ಮ ಬ್ಯಾಂಡಿನ ತಾಲೀಮು!” ಮೇಷ್ಟ್ರ ಮುಖ ಅರಳಿತು. “ಬೇರೆ ಕ್ಯಾಸೆಟ್ಟು ಸಿಗ್ಲಿಲ್ಲ ಅಂತ ಇದರ ಮೇಲೇ ರೆಕಾರ್ಡ್ ಮಾಡಿದ್ದೆ. ಆ ಡೊಳ್ಳು ಕೇಳು, ಡೊಳ್ಳು ಕೇಳು!”

ಸ್ವಂತಪ್ಪ ವೈರು ಕಿತ್ತ. ಚೀರುತ್ತಿದ್ದ ಮಗುವನ್ನು ಎದೆಗವಚಿಕೊಂಡು, ಇಬ್ಬರನ್ನೂ ಹೊರಗೆ ದಬ್ಬಿ, ತಾನೂ ಹೊರಬಂದು ಮನೆಯ ಬಾಗಿಲು ಎಳೆದುಕೊಂಡ. ಮೆಟ್ಟಿಲ ಮೇಲೆ ಕುಸಿದು ಕೂತ. “ಮುಗೀತು. ಅವಳ ಕೆಲಸಕ್ಕೆ ನಾನೇ ಕಲ್ಲು ಹಾಕ್ದೆ,” ಎಂದ.

ಅವನ ದುಃಖ ಕೇಳುವ ಪುರಸೊತ್ತು ಅವರಿಬ್ಬರಿಗೆಲ್ಲಿ?

“ನಿಮ್ಮ ಡಬ್ಬ ತಂದಿದ್ದಕ್ಕೇ ಹೀಗಾಗಿದ್ದು,” ಎಂದು ಅಕ್ಕ ದನಿ ತಗ್ಗಿಸಿ ಗುರುಗುಟ್ಟಿದಳು.

“ನಿನ್ನ ಫೋನು ಮಾಡಿದ್ದೇನಮ್ಮ? ಚಂದಾ ಕಟ್ಟೋಳು ನೀನು, ಕೇಳೋರು ಅಂಗಡಿಯೋರು.”

“ಬೇಡ ಅನ್ನಿಸಿದಾಗ ಕಟ್ಟೋದು ನಿಲ್ಲಿಸಿದ್ರಾಯ್ತು, ತಲೆನೋವೇ ಇಲ್ಲ. ನಿಮ್ಮದು ಮನೆ ತುಂಬ ಕ್ಯಾಸೆಟ್ಟು, ಕೂರೋಕೆ ಜಾಗ ಇಲ್ಲ.”

“ಕಟ್ಟೋದು ನಿಲ್ಲಿಸಿದ ದಿನ ನಿನ್ನ ಹತ್ರ ಒಂದು ಹಾಡೂ ಇಲ್ಲ. ನನ್ನ ಹತ್ರ ಎಲ್ಲಾ ಇದೆ.”

“ಎಲ್ಲಾ ಇದೆ, ಯಾವ್ದೂ ಹಾಡಲ್ಲ.”

ಒಳಗೆ ಇಂಟರ್‌ವ್ಯೂ ಇದೆಯೆಂದು ಇಬ್ಬರೂ ತಗ್ಗಿದ ದನಿಯಲ್ಲೇ ಕಚ್ಚಾಡುತ್ತಿದ್ದರು. ಗುರುಗುರು, ಗೊಣಗೊಣ. ಸ್ವಂತಪ್ಪನ ಹೆಗಲು ಇದ್ದಕ್ಕಿದ್ದಂತೆ ಭಾರವಾಯಿತು. ಬಗ್ಗಿ ನೋಡಿದ. ಪುಟ್ಟಿ ಬಾಯಿ ತೆರೆದುಕೊಂಡು ಮಲಗಿದ್ದಳು! ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗುತ್ತದಂತೆ. ಇಲ್ಲಿ ನೆರೆಯವರ ಜಗಳದಲ್ಲಿ ಕೂಸು ಗೊರಕೆ ಹೊಡೆಯುತ್ತಿತ್ತು.

ಇಬ್ಬರೂ ಉಸಿರು ತೆಗೆದುಕೊಳ್ಳಲು ನಿಂತರು. ಪುಟ್ಟಿಯ ರೆಪ್ಪೆ ಅದುರಿತು.

“ಅಕ್ಕ,” ಎಂದು ಸ್ವಂತಪ್ಪ ಪಿಸುಗುಟ್ಟಿದ, “ಮೇಷ್ಟ್ರು ನಿಮಗೆ ಸಂಗೀತದ ಗಂಧಗಾಳಿ ಇಲ್ಲ ಅಂತಿದ್ರು.”

“ಯಾವಾಗ ಅಂದ್ರು?”

“ಮೇಷ್ಟ್ರೇ, ಅಕ್ಕ ನಿಮ್ಮ ಬ್ಯಾಂಡನ್ನ ತಗಡು ಬಡಿಯೋ ಗುಂಪು ಅಂದ್ರು.”

“ತಗಡಾ!”

ಮತ್ತೆ ಗುರುಗುರು ಶುರುವಾಯಿತು. ಒಲೆಗೆ ಸೌದೆ ಒಡ್ಡುವವನಂತೆ ಸ್ವಂತಪ್ಪ ಆಗಾಗ ಒಂದೊಂದು ಚಾಡಿ ಒಡ್ಡುತ್ತ ಕೂತ. ಚಂದಾ ಇಲ್ಲ, ಖರೀದಿ ಇಲ್ಲ, ಜಾಹೀರಾತಿಲ್ಲ. ಎಂಥ ಜೋಗುಳ! ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಬಾಗಿಲು ತೆರೆಯಿತು. ಇಸ್ತ್ರಿ ಅಂಗಿ, ಹಳೇ ಪೈಜಾಮದಲ್ಲಿ ಹೆಂಡತಿ ನಿಂತಿದ್ದಳು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

“ಕೆಲಸ ಸಿಕ್ತು ಕಣ್ರೀ!”

“ಆ ಗಲಾಟೇಲೂ?”

“ಗಲಾಟೆಯಿಂದಾನೇ! ಏನಮ್ಮ ಅದು ಹಾಸಿಗೆ ಜಾಹೀರಾತು, ಏನದು ಕಹಳೆ ಅಂತ ಕೇಳಿದ್ರು. ನಮ್ಮೆಜಮಾನ್ರು ನಿನ್ನೆ ತಾನೆ ನಿಮ್ಮ ಚಂದಾ ನಿಲ್ಸಿದ್ರು ಸರ್ ಅಂದೆ.”

“ನಿಮ್ಮ ಚಂದಾ ಅಂದ್ರೆ? ಯಾವ ಕಂಪನಿ ಅದು?”

“ಅದೇ ಹಾಡಿನ ಕಂಪನಿ. ನಿನ್ನೆ ಊಟ ಮಾಡುವಾಗ ಅದನ್ನೇ ಹೇಳ್ತಿದ್ದೆ, ನೀವೆಲ್ಲಿ ಕೇಳಿಸ್ಕೊಂಡ್ರಿ? ಚಂದಾ ನಿಲ್ಲಿಸಿದವರಿಗೆ ಫೋನ್ ಮಾಡಿ ವಾಪಸ್ ಕರ್ಕೊಂಡು ಬರೋದು ನನ್ನ ಕೆಲಸ. ಇಂಥ ಹಟಮಾರಿ ಗಿರಾಕೀನ ಹೇಗೆ ಒಪ್ಪಿಸ್ತೀರಿ ಅಂದ್ರು. ಏನೂ ಮಾತಾಡೋದು ಬೇಡ ಸರ್, ಮಗು ಕೈಗೆ ಕೊಟ್ಟು ಬಾಗಿಲು ಹಾಕ್ಕೊಂಡ್ರೆ ಸಾಕು ಅಂದೆ. ಬಿದ್ದು ಬಿದ್ದು ನಕ್ಕರು. ನಾಳೆಯಿಂದಾನೇ, ದಿನಾ ಬೆಳಿಗ್ಗೆ.”

“ದಿನಾ ಬೆಳಿಗ್ಗೆ?” ಸ್ವಂತಪ್ಪನ ದನಿ ಎಮ್ಮೆಯದಾಯಿತು.

“ನೀವು ಮಧ್ಯಾಹ್ನ ಅಂಗಡಿಗೆ ಹೋದ್ರಾಯ್ತು. ಅಂದ ಹಾಗೆ, ನನ್ನ ಮೊದಲ ಗಿರಾಕಿ ನೀವೇ.” ಅವಳು ಗಂಟಲು ಸರಿಮಾಡಿಕೊಂಡು ಜೇನು ಸುರಿಸಿದಳು: “ನಮಸ್ಕಾರ ಸರ್, ನಮ್ಮಿಂದ ಏನಾದ್ರೂ ತಪ್ಪಾಯ್ತಾ?”

ಅವಳ ಮುಖದಲ್ಲಿದ್ದ ಬೆಳಕು ನೋಡಿದ ಮೇಲೆ ಅವನು ತಾನೇ ಏನು ಮಾಡಿಯಾನು? ಅಕ್ಕಿಯಿಂದ ಫೋನು ಅಗೆದು ತೆಗೆದು ಚಂದಾ ಕಟ್ಟಿದ. ಒಂದು ತಿಂಗಳಿನದಲ್ಲ, ಇಡೀ ವರ್ಷದ್ದು.

ಅಷ್ಟರಲ್ಲಿ ಜಗಳ ನಿಂತು ಪುಟ್ಟಿಗೆ ಎಚ್ಚರವಾಗಿತ್ತು. ಸ್ವಂತಪ್ಪ ಗತ್ತಿನಿಂದ ಜೋಗುಳ ಹಾಕಿದ. ಜಾಹೀರಾತಿಲ್ಲದ, ತಡೆಯಿಲ್ಲದ, ಅಪ್ಪಟ ಕೊಳಲು. ಪುಟ್ಟಿ ಅದನ್ನು ಕೇಳಿದಳು. ಮುಖ ಕಿವುಚಿದಳು. ಹೊರಗಿನ ಮೆಟ್ಟಿಲ ಕಡೆ ಕೈಚಾಚಿ ಕಿಟಾರನೆ ಕಿರುಚಿದಳು. ಇನ್ನೊಮ್ಮೆ ಹಾಕಿದ. ಇನ್ನಷ್ಟು ಕಿರುಚಿದಳು.

ಸ್ವಂತಪ್ಪ ಹೊರಗೆ ಬಂದ. “ಅಕ್ಕ, ಮೇಷ್ಟ್ರೇ... ಇನ್ನೊಂದು ಸ್ವಲ್ಪ ಜಗಳ ಆಡ್ತೀರಾ? ನಾಳೆ ಬೆಳಿಗ್ಗೇನೂ...”

ಟೈಲರಕ್ಕ ಅಳತೆ ಟೇಪನ್ನು ಬೆರಳಿಗೆ ಸುತ್ತಿಕೊಂಡಳು. “ದಿನಾ ಅಂದ್ರೆ ಬಿಟ್ಟಿ ಆಗಲ್ಲಪ್ಪ. ತಿಂಗಳ ಲೆಕ್ಕಕ್ಕಾದ್ರೆ ಬರ್ತೀನಿ. ಬೇಡ ಅಂದಾಗ ನಿಲ್ಲಿಸ್ಕೋ.”

“ಅವಳ ಮಾತು ಕೇಳ್ಬೇಡ ಕಣಯ್ಯ,” ಎಂದು ಮೇಷ್ಟ್ರು ಅಡ್ಡ ಬಂದರು. “ಒಂದೇ ಸಲ ಕೊಟ್ಟು ಮುಗಿಸ್ಬಿಡು. ಜಗಳ ಜೀವನಪೂರ್ತಿ ನಿಂದೇ.”

“ಜೀವನಪೂರ್ತಿಯಂತೆ! ಮಧ್ಯದಲ್ಲಿ ನಿಮ್ಮ ಬೆಲ್ಟು ಸಡಿಲ ಆದ್ರೆ?”

“ನಿನಗೆ ಒಂದು ತಿಂಗಳು ಕೊಡ್ದೇ ಇದ್ರೆ ಮಗು ಎಬ್ಬಿಸಿ ಹೋಗ್ತೀಯ!”

ಪುಟ್ಟಿ ಅಪ್ಪನ ಹೆಗಲ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಸ್ವಂತಪ್ಪ ಉಸಿರು ಬಿಗಿಹಿಡಿದು, ಮೊದಲು ಅಕ್ಕನ ಕಡೆ ಹೂಂ ಎಂದು ತಲೆಯಾಡಿಸಿದ, ಆಮೇಲೆ ಮೇಷ್ಟ್ರ ಕಡೆ.